ಎರಡನೆಯ ಸಲ ಓದುವವನಿಗೆ ಚಿಕಿತ್ಸೆ

“ಬಿಡಿ ಮಾರಾಯ್ರೆ, ಬೈಂಡು ಕಿತ್ತು ಬರ್ತದೆ!” ಎಂದು ಕಮಲಾಕ್ಷ ಪುಸ್ತಕವನ್ನು ಬೆನ್ನಿನ ಕಡೆಯಿಂದ ಎಳೆದ.

“ಬಂದರೆ ಬರ್ಲಿ! ನೀವು ಮೊದಲು ಕೈ ತೆಗೀರಿ!” ಎಂದು ಸುಬ್ರಾಯ ಅದನ್ನು ಪುಟಗಳ ಕಡೆಯಿಂದ ಎಳೆದ.

ಬೋಟು ಆಗಷ್ಟೇ ಎರ್ನಾಕುಳಂ ಜೆಟ್ಟಿ ಬಿಟ್ಟು ಹಿನ್ನೀರಿನ ನಡುವಿಗೆ ಬಂದಿತ್ತು. ಭಾನುವಾರ, ಬೆಳಗಿನ ಆರೂವರೆ ಗಂಟೆ. ಖಾಲಿ ಬುಟ್ಟಿಗಳನ್ನು ಮಡಿಲಲ್ಲಿಟ್ಟುಕೊಂಡ ಇಬ್ಬರು ಮೀನಿನ ಹೆಂಗಸರು, ಇಗರ್ಜಿಗೆ ಹೊರಟ ಒಬ್ಬ ಮುದುಕ, ಬಂದರಿನ ನಾಲ್ವರು ಕೂಲಿಗಳು ಕಾಲು ಮೇಲೆತ್ತಿ ಕೂತು ಈ ಜಗಳಕ್ಕೆ ಜಾಗ ಮಾಡಿಕೊಟ್ಟರು. ಅವರಿಗೆ ಕನ್ನಡ ತಿಳಿಯದು. ಆದರೆ ಪ್ಯಾಂಟು ಹಾಕಿದ ಇಬ್ಬರು ಗಂಡಸರು ಒಂದು ಪುಸ್ತಕವನ್ನು ಹಲಸಿನ ಹಣ್ಣಿನಂತೆ ಹೋಳು ಮಾಡಲು ಹೊರಟಿದ್ದಾರೆ ಎಂಬುದು ಯಾವ ಭಾಷೆಯವರಿಗೂ ತಿಳಿಯುವ ಸಂಗತಿ.

ಕೊನೆಗೆ ಗೆದ್ದವನು ಕಮಲಾಕ್ಷ. ಅವನು ಬ್ಯಾಂಕಿನವನು, ಒಮ್ಮೆ ಕೈಗೆ ಸಿಕ್ಕಿದ್ದನ್ನು ಬಿಡುವ ಅಭ್ಯಾಸ ಅವನಿಗಿರಲಿಲ್ಲ. ಜೊತೆಗೆ ಅವನು ಕೊಚ್ಚಿಯ ಕನ್ನಡ ಸಂಘದ ಪುಸ್ತಕ ಭಂಡಾರಿ. ಪುಸ್ತಕಕ್ಕೆ ಸುತ್ತಿದ್ದ ಖಾಕಿ ಕಾಗದದ ಮೇಲೆ ಸುಬ್ರಾಯ ಇಂಗ್ಲಿಷಿನಲ್ಲಿ ದಪ್ಪಕ್ಷರಗಳಲ್ಲಿ ‘ಸುಂಕದ ನಿಯಮಾವಳಿ’ ಎಂದು ಬರೆದಿದ್ದ. ಕಮಲಾಕ್ಷ ಆ ಕಾಗದ ಸರಿಸಿ, ಒಳಗಿನ ರಟ್ಟಿನ ಮೇಲಿದ್ದ ಸಂಘದ ನೇರಳೆ ಮೊಹರನ್ನು ಬೆರಳಿನಿಂದ ತಟ್ಟಿದ.

“ಗೊತ್ತಾಯ್ತು ನಂಗೆ ದೂರದಿಂದ್ಲೇ. ಸುಂಕದ ನಿಯಮ ಓದ್ತಾ ನಗುವವ ಈ ಕೊಚ್ಚಿಯಲ್ಲಿ ಯಾರುಂಟು? ಅದೂ ನೀವು! ನಿಮ್ಮ ಹಲ್ಲು ನಾನು ನೋಡಿದ್ದೇ ಇವತ್ತು.”

“ನಕ್ಕದ್ದಲ್ಲ ಅದು,” ಎಂದು ಸುಬ್ರಾಯ ಗುಡುಗಿದ. “ಸಿಟ್ಟಿನಿಂದ ಹಲ್ಲು ಕಚ್ಚಿದ್ದು.”

ಇದು ಯಾರಾದರೂ ನಂಬುವಂಥ ಮಾತು. ಸುಬ್ರಾಯ ಸಿಟ್ಟಿಗೆ ಹೆಸರಾದವನು. ಕಾಸರಗೋಡಿನ ಕಡೆಯವನು, ಮೂವತ್ತು ತುಂಬಿರಲಿಲ್ಲ, ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್ ಆಫೀಸಿನಲ್ಲಿ ಗುಮಾಸ್ತ. ಹಡಗಿನಿಂದ ಇಳಿದ ನಾವಿಕರ ಪೆಟ್ಟಿಗೆಯ ಮುಂದೆ ನಿಂತು “ಒಳಗೆ ಏನುಂಟು? ಪಟ್ಟಿ ಎಲ್ಲಿ?” ಎಂದು ಅವನು ಕೇಳಿದರೆ, ತಪ್ಪು ಮಾಡದವರಿಗೂ ಬೆವರು ಬರುತ್ತಿತ್ತು. ಸಾಹಿತ್ಯದಲ್ಲೂ ಅವನದು ಅದೇ ಪದ್ಧತಿ. ಯಾವ ಪುಸ್ತಕವನ್ನೂ ಅವನು ಪೆನ್ಸಿಲು ಹಿಡಿಯದೆ ಓದಿದವನಲ್ಲ.

ಈ ಪುಸ್ತಕವನ್ನೂ ಎರಡು ವರ್ಷಗಳ ಹಿಂದೆ ಹಾಗೇ ಓದಿದ್ದ. ‘ಹೊಗೆನಾಡಿನ ಸುಂಕದವ’ ಎಂದು ಅದರ ಹೆಸರು. ಯಾವುದೋ ದೂರದ ಭಾಷೆಯಿಂದ ಕನ್ನಡಕ್ಕೆ ಬಂದದ್ದು. ಮೊದಲ ಹಾಳೆ ಹರಿದುಹೋದ್ದರಿಂದ ಯಾರು ಬರೆದರು, ಯಾರು ತಂದರು, ಒಂದೂ ಗೊತ್ತಿಲ್ಲ. ಹೊಗೆನಾಡಿಗೆ ಹೋಗುವ ಹೊಳೆಯ ಕಟ್ಟೆಯಲ್ಲಿ ಒಬ್ಬ ಸುಂಕದವನಿದ್ದಾನೆ. ದಾಟುವವರೆಲ್ಲ ಅವನಿಗೆ ಒಂದೊಂದು ನಗುವನ್ನು ಸುಂಕವಾಗಿ ಕೊಡಬೇಕು. ಅವನು ಅದನ್ನು ಭರಣಿಯಲ್ಲಿ ಹಿಡಿದು ಬಾಯಿಗೆ ಮೇಣ ಹಚ್ಚಿ ಸಾಲಾಗಿ ಇಡುತ್ತಾನೆ. ಒಬ್ಬ ಉಪ್ಪಿನ ವ್ಯಾಪಾರಿ ಮಾತ್ರ “ಕೊಡುವುದಿಲ್ಲ” ಎಂದು ಹೇಳಿ ದಡದಲ್ಲೇ ಕೂತುಬಿಡುತ್ತಾನೆ. ಮಳೆ ಬರುತ್ತದೆ, ಉಪ್ಪು ಕರಗುತ್ತದೆ, ಅವನು ಏಳುವುದಿಲ್ಲ.

ಸಂಘದ ಪದ್ಧತಿಯಂತೆ ಓದಿದವರು ಅಭಿಪ್ರಾಯದ ಪುಸ್ತಕದಲ್ಲಿ ನಾಲ್ಕು ಮಾತು ಬರೆಯಬೇಕು. ಸುಬ್ರಾಯ ಒಂದು ಪುಟ ಬರೆದ: “ಮೂರು ಕತ್ತೆಗಳು, ಒಬ್ಬ ಉಪ್ಪಿನ ವ್ಯಾಪಾರಿ, ಒಬ್ಬ ಸುಂಕದವ. ಇವರಲ್ಲಿ ಬುದ್ಧಿ ಇರುವುದು ಕತ್ತೆಗಳಿಗೆ ಮಾತ್ರ. ಇಷ್ಟು ದೊಡ್ಡ ಸುಂಕದ ಕಟ್ಟೆಯಲ್ಲಿ ಒಂದು ರಸೀದಿ ಪುಸ್ತಕ ಸಹ ಇಲ್ಲ. ನಮ್ಮ ಕಾಲದ ಮನುಷ್ಯನ ಸಂಕಟಕ್ಕೂ ಈ ಭರಣಿಗಳಿಗೂ ಏನು ಸಂಬಂಧ? ಇದನ್ನು ಒಮ್ಮೆ ಓದಿದವನು ಮೋಸಹೋದವನು. ಎರಡನೆಯ ಸಲ ಓದುವವನಿಗೆ ಚಿಕಿತ್ಸೆ ಬೇಕು.”

ಆ ಒಂದು ಪುಟ ಅವನನ್ನು ಎತ್ತಿಬಿಟ್ಟಿತು. ಅಲ್ಲಿಯವರೆಗೆ ಸಂಘದ ಸಭೆಯಲ್ಲಿ ಅವನು ಜಮಖಾನೆ ಮಡಚುವವರಲ್ಲಿ ಒಬ್ಬ. ಆಮೇಲೆ ವೇದಿಕೆಯಲ್ಲಿ ಅವನಿಗೊಂದು ಕುರ್ಚಿ. “ನಮ್ಮ ವಿಮರ್ಶಕರು” ಎಂದರೆ ಸುಬ್ರಾಯ. ಮನೆಯಲ್ಲಿ, ಆಫೀಸಿನಲ್ಲಿ, ಊರಲ್ಲಿ ಎಲ್ಲೂ ಸಿಗದ ಮರ್ಯಾದೆ ಆ ಕುರ್ಚಿಯಲ್ಲಿ ಸಿಕ್ಕಿತು. ಕೊನೆಯ ಮೂವತ್ತೆಂಟು ಪುಟಗಳನ್ನು ತಾನು ಸಿಟ್ಟಿನ ಭರದಲ್ಲಿ ಐದೈದಾಗಿ ಮಗುಚಿದ್ದೆ, ಓದಲೇ ಇಲ್ಲ ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಕಳೆದ ತಿಂಗಳು ಅವನ ಹೆಂಡತಿ ಸರೋಜ ಆ ಪುಸ್ತಕ ತಂದಳು. ನಾಲ್ಕನೆಯ ಪುಟಕ್ಕೆ ನಿದ್ದೆಹೋದಳು. ಎದೆಯ ಮೇಲೆ ಬಿದ್ದಿದ್ದ ಪುಸ್ತಕವನ್ನು ಎತ್ತಿಡಲು ಹೋದ ಸುಬ್ರಾಯ ನಿಂತಲ್ಲೇ ಹನ್ನೊಂದನೆಯ ಪುಟ ನೋಡಿದ. ಅಲ್ಲಿ ಸುಂಕದವ ಸಾಲಿನ ಮೊದಲ ಭರಣಿಗೆ ಕಿವಿಯಿಟ್ಟು, ಏನೂ ಹೇಳದೆ ತೆಗೆಯುತ್ತಾನೆ. ಮೊದಲ ಸಲ ಈ ಸಾಲಿನ ಮೇಲಿಂದ ಸುಬ್ರಾಯ ಸೈಕಲಿನಂತೆ ಹೋಗಿದ್ದ. ಈಗ ಅವನಿಗೆ ಗೊತ್ತಿತ್ತು: ಆ ಭರಣಿಯಲ್ಲಿರುವುದು ಸುಂಕದವನ ಸ್ವಂತ ಹೆಂಡತಿಯ ನಗು. ಅದು ಬಯಲಾಗುವುದು ಇನ್ನೂರನೆಯ ಪುಟದಲ್ಲಿ. ಮುಂದಿನದು ಗೊತ್ತಿದ್ದು ಓದಿದಾಗ ಹಿಂದಿನ ಒಂದೊಂದು ಮಾತೂ ಮೈಮೇಲೆ ಮುಳ್ಳೆಬ್ಬಿಸುವುದು ಅವನಿಗೆ ಹೊಸ ಅನುಭವ. ಪೆನ್ಸಿಲು ಎಲ್ಲಿ ಬಿತ್ತೋ ನೋಡಲಿಲ್ಲ.

ಅಂದಿನಿಂದ ಅವನು ಕಳ್ಳನಾದ. ಒಮ್ಮೆ ಓದಿದ ಪುಸ್ತಕ ಅದೇ ಸದಸ್ಯನಿಗೆ ಎರಡನೆಯ ಸಲ ಇಲ್ಲವೆಂದು ಸಂಘದ ನಿಯಮ. ಪುಸ್ತಕ ಕಡಿಮೆ, ಕನ್ನಡಿಗರು ಹೆಚ್ಚು. ಅದಕ್ಕಿಂತ ಹೆಚ್ಚಾಗಿ, ಎರಡನೆಯ ಸಲ ಓದುವವನಿಗೆ ಏನು ಬೇಕೆಂದು ಅವನೇ ಬರೆದಿಟ್ಟಿದ್ದ. ಹೀಗಾಗಿ ಭಾನುವಾರ ಬೆಳಿಗ್ಗೆ ತರಕಾರಿ ಚೀಲ ಹಿಡಿದು ಹೊರಡುವುದು, ಬೋಟು ಹತ್ತುವುದು, ಆಚೆ ದಡದಲ್ಲಿ ಇಳಿಯದೆ ವಾಪಸು ಬರುವುದು, ಮತ್ತೆ ಹೋಗುವುದು. ಇನ್ನು ಮೂವತ್ತೆಂಟೇ ಪುಟ. ಉಪ್ಪಿನ ವ್ಯಾಪಾರಿ ಕಡೆಗೂ ನಗು ಕೊಟ್ಟನೋ ಇಲ್ಲವೋ? ಅದು ಅವನಿಗೆ ಗೊತ್ತಿರಲಿಲ್ಲ, ಯಾರನ್ನೂ ಕೇಳುವ ಹಾಗೂ ಇರಲಿಲ್ಲ.

“ಇದು ಸರೋಜಕ್ಕನ ಹೆಸರಲ್ಲಿ ಹೋದ ಪುಸ್ತಕ. ನಿಮ್ಮ ಕೈಯಲ್ಲಿ ಹೇಗೆ?” ಎಂದ ಕಮಲಾಕ್ಷ.

“ಇನ್ನೊಂದು ಖಂಡನೆ ಬರೀಲಿಕ್ಕುಂಟು. ಮೊದಲನೆಯದು ಸಾಲದು.”

“ಹಾಗಾದ್ರೆ ಬರೆದಾಯ್ತು ಅಂತ ತಿಳ್ಕೊಳ್ಳಿ. ಇವತ್ತು ಪೆಟ್ಟಿಗೆ ದಿನ. ಗೊತ್ತಿಲ್ವಾ ನಿಮ್ಗೆ?”

ಸುಬ್ರಾಯ ಅದನ್ನು ಮರೆತೇಬಿಟ್ಟಿದ್ದ. ವರ್ಷಕ್ಕೆ ಎರಡು ಸಲ ಕೊಚ್ಚಿ ಸಂಘದ ಅರವತ್ತು ಪುಸ್ತಕ ಒಂದು ತಗಡಿನ ಪೆಟ್ಟಿಗೆಯಲ್ಲಿ ತಿರುವನಂತಪುರದ ಸಂಘಕ್ಕೆ ಹೋಗುತ್ತಿತ್ತು. ಅಲ್ಲಿನ ಅರವತ್ತು ಇಲ್ಲಿಗೆ ಬರುತ್ತಿತ್ತು. ಅಭಿಪ್ರಾಯದ ಪುಸ್ತಕವೂ ಪೆಟ್ಟಿಗೆಯ ಜೊತೆಗೇ ಹೋಗಿ ಬರುತ್ತಿತ್ತು. ಹೋದದ್ದು ಮರಳಬೇಕಾದರೆ ಆರು ತಿಂಗಳು. ಉಪ್ಪಿನ ವ್ಯಾಪಾರಿಯನ್ನು ಮಳೆಯಲ್ಲಿ ಆರು ತಿಂಗಳು ಕೂರಿಸಿ ತಾನು ಆಫೀಸಿಗೆ ಹೋಗಿ ಬರುವುದೆ?

“ಪೆಟ್ಟಿಗೆ ಯಾರು ಒಯ್ಯುದು ಈ ಸಲ?”

“ನಾನೇ. ಇನ್ಯಾರು ಸಾಯ್ತಾರೆ? ಒಂದು ಭಾನುವಾರ ಹಾಳು.”

“ನಾನು ಒಯ್ತೇನೆ,” ಎಂದ ಸುಬ್ರಾಯ.

ಕಮಲಾಕ್ಷ ಆಶ್ಚರ್ಯಪಡಬೇಕಿತ್ತು. ಬೇಡ ಬೇಡ ಎಂದು ಎರಡು ಸಲವಾದರೂ ಹೇಳಬೇಕಿತ್ತು. ಅವನು ಒಂದು ಸಲವೂ ಹೇಳಲಿಲ್ಲ. “ಒಳ್ಳೇದಾಯ್ತು,” ಎಂದು ಸುಬ್ರಾಯನ ಕೈ ಹಿಡಿದು ಕುಲುಕಿದ. “ಎಂಟೂವರೆಯ ರೈಲು. ಬೇಗ ಬನ್ನಿ ಮನೆಗೆ.”

ಬಟ್ಟೆ ಬದಲಿಸಲು ಸುಬ್ರಾಯ ಕ್ವಾರ್ಟರ್ಸಿಗೆ ಓಡಿದ. ಸರೋಜ ಖಾಲಿ ತರಕಾರಿ ಚೀಲವನ್ನು ನೋಡಿದಳು, ಗಂಡನನ್ನು ನೋಡಿದಳು.

“ಬೆಂಡೆಕಾಯಿ ತರ್ಲಿಕ್ಕೆ ಹೋದವರು ತಿರುವನಂತಪುರಕ್ಕೆ ಹೊರಟದ್ದು ಎಂಥಕೆ?”

“ಸಂಘದ ಕೆಲಸ.”

“ಮನೆಯ ಕೆಲಸಕ್ಕೆ ಸೊಂಟ ನೋವು, ಸಂಘದ ಪೆಟ್ಟಿಗೆಗೆ ಇಲ್ವಾ?”

“ಬಾಯಿ ಮುಚ್ಚು!” ಎಂದ ಸುಬ್ರಾಯ. ಅವಳು ಮುಚ್ಚಲಿಲ್ಲ. ಜೆಟ್ಟಿಯವರೆಗೂ ಅವಳ ಮಾತು ಅವನ ಹಿಂದೆ ಬಂತು.

ಕಮಲಾಕ್ಷನ ಮನೆಯಲ್ಲಿ ಸುಬ್ರಾಯನನ್ನು ಜಗಲಿಯಲ್ಲಿ ಕೂರಿಸಿ ಚಹಾ ಕೊಟ್ಟರು. ಕಮಲಾಕ್ಷ ಪುಸ್ತಕಗಳೊಂದಿಗೆ ಒಳಕೋಣೆ ಸೇರಿ ಬಾಗಿಲು ಹಾಕಿಕೊಂಡ. ರೈಲಿನಲ್ಲಿ ಏಳು ಗಂಟೆ, ಮೂವತ್ತೆಂಟು ಪುಟ. ಬೇಕಾದರೆ ಒಂದೊಂದು ಪುಟವನ್ನು ಎರಡೆರಡು ಸಲ ಚಪ್ಪರಿಸಬಹುದು ಎಂದು ಸುಬ್ರಾಯ ಲೆಕ್ಕ ಹಾಕುತ್ತಿದ್ದಾಗ ಒಳಗಿನಿಂದ ಕಟಕ್ ಎಂದು ಸದ್ದಾಯಿತು. ಕಮಲಾಕ್ಷ ಪೆಟ್ಟಿಗೆಯನ್ನು ಎಳೆದುಕೊಂಡು ಹೊರಗೆ ಬಂದ. ಅದಕ್ಕೆ ತೆಂಗಿನಕಾಯಿಯಷ್ಟು ದೊಡ್ಡ ಬೀಗ ತೂಗುತ್ತಿತ್ತು.

“ಬೀಗ ಎಂಥಕೆ?”

“ನಿಯಮ. ಕಳೆದ ಸಲದಿಂದ. ದಾರಿಯಲ್ಲಿ ಪುಸ್ತಕ ತೆಗೀತಾರೆ ಕೆಲವರು.”

“ಕೀ ಕೊಡಿ.”

“ಒಂದು ಕೀ ನನ್ನ ಹತ್ರ ಇರ್ಬೇಕು, ಇನ್ನೊಂದು ಅಲ್ಲಿನ ಸೆಕ್ರೆಟರಿ ರಾಧಾಕೃಷ್ಣರ ಹತ್ರ ಉಂಟು. ಒಯ್ಯುವವನಿಗೆ ಇಲ್ಲ. ಅದೂ ನಿಯಮ.”

“ಆ ನಿಯಮ ಮಾಡಿದ ಕತ್ತೆ ಯಾರು?”

“ನೀವೇ ಮಾರಾಯ್ರೆ. ಯುಗಾದಿ ಸಭೆಯಲ್ಲಿ ಮೇಜು ಗುದ್ದಿ ಗುದ್ದಿ ಮಾಡಿಸಿದ್ರಲ್ಲ! ಕಸ್ಟಮ್ಸಿನಲ್ಲಿ ಹೀಗೇ ಅಂತ.”

ಸುಬ್ರಾಯನಿಗೆ ನೆನಪಾಯಿತು. ಮೇಜಿನ ಮೇಲಿದ್ದ ನೀರಿನ ಲೋಟ ಉರುಳಿದ್ದೂ ನೆನಪಾಯಿತು.

ರೈಲಿನಲ್ಲಿ ಪೆಟ್ಟಿಗೆಯನ್ನು ಸೀಟಿನ ಕೆಳಗೆ ತುರುಕಲು ಆಗಲಿಲ್ಲ. ನಡುದಾರಿಯಲ್ಲಿಟ್ಟು ಅದರ ಮೇಲೆ ಕಾಲಿಟ್ಟುಕೊಂಡು ಕೂತ. ಅಂಗಾಲಿನ ಕೆಳಗೆ, ಒಂದು ತಗಡಿನಾಚೆ, ಉಪ್ಪಿನ ವ್ಯಾಪಾರಿ. ಅಷ್ಟು ಹತ್ತಿರ, ಅಷ್ಟು ದೂರ. ಕಿಟಕಿಯಾಚೆ ಕೆರೆ, ಗದ್ದೆ, ತೆಂಗು, ಇಗರ್ಜಿ ಹೋಗುತ್ತಲೇ ಇದ್ದವು. ಒಂದೊಂದನ್ನು ನೋಡಿದಾಗಲೂ ಅವನಿಗೆ ಸಿಟ್ಟು ಏರಿತು.

ಕೋಟ್ಟಯಂನಲ್ಲಿ ಎರಡು ಅನಾನಸು, ಒಂದು ಕೊಡೆ ಹಿಡಿದ ಬಿಳಿ ಚಟ್ಟೆ ರವಿಕೆ ತೊಟ್ಟ ಮುದುಕಿ ಅಮ್ಮಚ್ಚಿಯೊಬ್ಬಳು ಹತ್ತಿದಳು. ಬಂದವಳೇ “ಕಾಲೆಡು ಮೋನೇ” ಎಂದು ಅವನ ಕಾಲನ್ನು ಕೊಡೆಯಿಂದ ಸರಿಸಿ ಪೆಟ್ಟಿಗೆಯ ಮೇಲೆ ಕೂತಳು. ಅವಳ ತೂಕಕ್ಕೆ ತಗಡು ನರಳಿತು.

“ಅದರ ಮೇಲೆ ಕೂರಬೇಡಿ, ಒಳಗೆ ಪುಸ್ತಕ ಉಂಟು!” ಎಂದು ಸುಬ್ರಾಯ ತನಗೆ ಬಂದ ಮಲಯಾಳದಲ್ಲಿ ಕೂಗಿದ.

ಪುಸ್ತಕವೇ ಆದರೆ ಒಡೆಯುವುದಿಲ್ಲವಲ್ಲ, ಮೊಟ್ಟೆ ಎಂದಿದ್ದರೆ ಏಳುತ್ತಿದ್ದೆ ಎಂದು ಅಮ್ಮಚ್ಚಿ ಸಮಾಧಾನವಾಗಿ ಹೇಳಿ, ಇಷ್ಟು ಸಣ್ಣ ವಯಸ್ಸಿಗೆ ಇಷ್ಟು ಸಿಟ್ಟು ಯಾಕೆ, ಹೊಟ್ಟೆ ಸರಿ ಇಲ್ಲವೇ ಎಂದು ವಿಚಾರಿಸಿದಳು. ಎದುರು ಸೀಟಿನವರೂ ಅವನ ಹೊಟ್ಟೆಯ ವಿಚಾರಕ್ಕೆ ಸೇರಿಕೊಂಡರು. ಒಬ್ಬ ಜೀರಿಗೆ ನೀರು ಒಳ್ಳೆಯದೆಂದ. ಇನ್ನೊಬ್ಬ ಆಯುರ್ವೇದದ ಅರಿಷ್ಟವೊಂದರ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟ. ತಿರುವಲ್ಲದಲ್ಲಿ ಅಮ್ಮಚ್ಚಿ ಇಳಿಯುವಾಗ ಪೆಟ್ಟಿಗೆಯ ಮುಚ್ಚಳ ನಡುವೆ ತಗ್ಗಾಗಿತ್ತು.

ತಗ್ಗಾದ ಕಡೆ ಅಂಚಿನಲ್ಲಿ ಒಂದು ಬೆರಳಿನಷ್ಟು ಸಂದು ಬಿದ್ದಿತ್ತು. ಸುಬ್ರಾಯ ಅತ್ತಿತ್ತ ನೋಡಿದ. ಪೆನ್ಸಿಲು ಹೆರೆಯುವ ಚಾಕು ಜೇಬಿನಲ್ಲಿತ್ತು. ಮೊಣಕಾಲೂರಿ ಕೂತು, ಸಂದಿಗೆ ಚಾಕು ತೂರಿಸಿ ಮೀಟಿದ. ಒಮ್ಮೆ ಮೀಟಿದ, ಇನ್ನೊಮ್ಮೆ ಮೀಟಿದ. ಮೂರನೆಯ ಸಲ ಮೀಟುವಾಗ ಚಾಕುವಿನ ಪಕ್ಕದಲ್ಲಿ ಎರಡು ಕಪ್ಪು ಬೂಟು ಕಂಡವು. ಮೇಲೆ ನೋಡಿದರೆ ಟಿಕೆಟು ಪರೀಕ್ಷಕ.

“ಯಾರ ಪೆಟ್ಟಿಗೆ?” ಎಂದು ಅವನು ಇಂಗ್ಲಿಷಿನಲ್ಲಿ ಕೇಳಿದ.

“ಸಂಘದ್ದು.”

“ಬೀಗದ ಕೈ?”

“ಒಂದು ಕೊಚ್ಚಿಯಲ್ಲಿದೆ. ಇನ್ನೊಂದು ತಿರುವನಂತಪುರದಲ್ಲಿದೆ.”

“ನಿಮ್ಮ ಕೈಯಲ್ಲಿರುವುದು?”

“ಚಾಕು.”

“ಒಳಗೆ ಏನಿದೆ? ಪಟ್ಟಿ ಎಲ್ಲಿ?”

ಪಟ್ಟಿ ಪೆಟ್ಟಿಗೆಯೊಳಗಿತ್ತು. ದಿನಕ್ಕೆ ಇಪ್ಪತ್ತು ಸಲ ತಾನು ಕೇಳುವ ಪ್ರಶ್ನೆ ಇಷ್ಟು ಕೆಟ್ಟದಾಗಿ ಕೇಳಿಸುತ್ತದೆಂದು ಸುಬ್ರಾಯನಿಗೆ ಈವರೆಗೆ ಗೊತ್ತಿರಲಿಲ್ಲ. ಕೊನೆಗೆ ತನ್ನ ಗುರುತಿನ ಚೀಟಿ ತೆಗೆದು ತೋರಿಸಿದ. ಅದೇ ತಪ್ಪಾಯಿತು. ಕಸ್ಟಮ್ಸಿನವನು, ಬಂದರಿನಿಂದ ಬಂದವನು, ಬೀಗ ಹಾಕಿದ ಪೆಟ್ಟಿಗೆ, ಕೀ ಇಲ್ಲ, ಚಾಕು ಇದೆ. ಡಬ್ಬಿಯಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿದರು. ಅರಿಷ್ಟದ ಚೀಟಿ ಕೊಟ್ಟವನು ಅದನ್ನು ಮೆಲ್ಲಗೆ ವಾಪಸು ಎತ್ತಿಕೊಂಡ.

ಕೊಲ್ಲಂನಲ್ಲಿ ಇಬ್ಬರು ಪೊಲೀಸರು ಬಂದು ಪೆಟ್ಟಿಗೆಯನ್ನು ಅಲ್ಲಾಡಿಸಿದರು, ಮೂಸಿದರು, ಕಿವಿಯಿಟ್ಟು ಕೇಳಿದರು. ಒಬ್ಬ ಸಂದಿನೊಳಗೆ ಕಣ್ಣಿಟ್ಟು ನೋಡಿ, ಪುಸ್ತಕವೇ ಎಂದು ಬೇಸರದಿಂದ ಹೇಳಿದ. ಯಾವ ಭಾಷೆಯದೆಂದು ಇನ್ನೊಬ್ಬ ಕೇಳಿದ. ಕನ್ನಡವೆಂದು ಸುಬ್ರಾಯ ಹೇಳಿದ. ಇದಕ್ಕೆ ಬೀಗ ಯಾಕೆ ಎಂದು ಅವನು ನಿಜವಾದ ಕುತೂಹಲದಿಂದ ಕೇಳಿದ. ಅವರೇನೋ ಹೋದರು, ಟಿಕೆಟು ಪರೀಕ್ಷಕ ಮಾತ್ರ ತಿರುವನಂತಪುರದವರೆಗೂ ಎದುರಿನ ಸೀಟಿನಲ್ಲಿ ಪತ್ರಿಕೆ ಅಡ್ಡ ಹಿಡಿದು ಕೂತಿದ್ದ. ಪತ್ರಿಕೆಯ ಅಂಚಿನಿಂದ ಒಂದು ಕಣ್ಣು ಚಾಕುವಿದ್ದ ಜೇಬಿನ ಮೇಲಿತ್ತು.

ಸ್ಟೇಷನಿನಿಂದ ಟ್ಯಾಕ್ಸಿ ಮಾಡಿಕೊಂಡು ಉಳ್ಳೂರು ತಲಪಿದಾಗ ಸಂಜೆ ನಾಲ್ಕು ಗಂಟೆ. ಮೆಡಿಕಲ್ ಕಾಲೇಜಿನಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ ರಾಧಾಕೃಷ್ಣನ ಬಾಡಿಗೆ ಮನೆ. ಮೈಸೂರಿನವನು, ಕೇಂದ್ರ ಸರ್ಕಾರದ ಆಫೀಸಿನಲ್ಲಿ ಕೆಲಸ. ಗೇಟಿನಲ್ಲಿ ನಿಂತಿದ್ದ ಅವನ ಮಗಳು ಪ್ರೇಮ “ಅಮ್ಮಾ, ಪೆಟ್ಟಿ ವನ್ನು!” ಎಂದು ಪೆಟ್ಟಿಗೆ ಬಂದ ಸುದ್ದಿಯನ್ನು ಮಲಯಾಳದಲ್ಲಿ ಕೂಗಿ ಒಳಗೋಡಿದಳು. ಒಳಗೆ ಚಾಪೆಯ ಮೇಲೆ ಇಪ್ಪತ್ತು ಮಂದಿ ಕನ್ನಡಿಗರು ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದರು. ಪೆಟ್ಟಿಗೆ ದಿನವೆಂದರೆ ಅವರಿಗೆ ಸಣ್ಣ ಹಬ್ಬ.

“ಕಮಲಾಕ್ಷ ಅವರು ಬರ್ಲಿಲ್ವಾ? ತಾವು?” ಎಂದು ರಾಧಾಕೃಷ್ಣ ಕೈಮುಗಿದ.

“ನಾನು ಸುಬ್ರಾಯ. ಕೀ ಕೊಡಿ.”

“ಸುಬ್ರಾಯ ಅಂದ್ರೆ... ಆ ಸುಬ್ರಾಯ ಅವರಾ? ವಿಮರ್ಶಕರು?”

ಚಾಪೆಯ ಮೇಲೆ ಗಾಳಿ ಬೀಸಿದ ಹಾಗಾಯಿತು. ತಟ್ಟೆಗಳು ಕೆಳಗಿಳಿದವು. ರಾಧಾಕೃಷ್ಣನ ಹೆಂಡತಿ ರಾಜಲಕ್ಷ್ಮಿ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸುತ್ತ ಓಡಿಬಂದಳು.

“ಅಯ್ಯೋ, ನೀವೇನಾ! ಎಷ್ಟು ವಯಸ್ಸಾಗಿರತ್ತೋ ಅಂದ್ಕೊಂಡಿದ್ದೆ. ನಿಮ್ಮ ಅಭಿಪ್ರಾಯ ನಂಗೆ ಬಾಯಿಪಾಠ ಕಣ್ರೀ. ಹೋದ ವರ್ಷ ಗಣೇಶನ ಹಬ್ಬದಲ್ಲಿ ಓದಿದ್ದೆ. ಏನು ನಕ್ಕಿದ್ದೇ ನಕ್ಕಿದ್ದು ಎಲ್ರೂ!”

“ಕೀ,” ಎಂದ ಸುಬ್ರಾಯ.

“ಮೊದ್ಲು ಒಂದು ಲೋಟ ಕಾಫಿ ಕುಡೀರಿ ಸಾರ್,” ಎಂದ ರಾಧಾಕೃಷ್ಣ.

“ಮೊದಲು ಕೀ!”

ರಾಧಾಕೃಷ್ಣ ಉಡಿದಾರಕ್ಕೆ ಕಟ್ಟಿದ್ದ ಕೀಯನ್ನು ಗೋಡೆಯ ಕಡೆ ತಿರುಗಿ ಬಿಚ್ಚಿಕೊಟ್ಟ. ಸುಬ್ರಾಯ ಬೀಗ ತೆಗೆದು ಪೆಟ್ಟಿಗೆಯೊಳಗೆ ಎರಡೂ ಕೈ ಹಾಕಿದ. ಪುಸ್ತಕಗಳು ಒಂದೊಂದಾಗಿ ಹೊರಗೆ ಬಿದ್ದವು. ತಳದಲ್ಲಿ ಅಭಿಪ್ರಾಯದ ಪುಸ್ತಕ ಸಿಕ್ಕಿತು. ಅದರಡಿಯಲ್ಲಿ ಪಟ್ಟಿ ಸಿಕ್ಕಿತು. ಆಮೇಲೆ ತಗಡು ಸಿಕ್ಕಿತು. ಖಾಕಿ ಕಾಗದ ಸುತ್ತಿದ ಪುಸ್ತಕ ಸಿಗಲಿಲ್ಲ.

ಅವನು ಪಟ್ಟಿ ನೋಡಿದ. ನಲವತ್ತೊಂದನೆಯ ಸಾಲಿನ ಎದುರು ಕಮಲಾಕ್ಷನ ದುಂಡಗಿನ ಅಕ್ಷರ: “ಹೊಗೆನಾಡಿನ ಸುಂಕದವ. ಬೈಂಡು ಸಡಿಲವಾಗಿದೆ. ದುರಸ್ತಿಗೆಂದು ಇಟ್ಟುಕೊಂಡಿದೆ.”

“ಇದು ನಾಲ್ಕನೇ ಸಲ ಸಾರ್,” ಎಂದು ರಾಧಾಕೃಷ್ಣ ನಕ್ಕ. “ಪ್ರತಿ ಪೆಟ್ಟಿಗೇಲೂ ಇದೇ. ಅದೊಂದು ಪುಸ್ತಕದ ಬೈಂಡು ಮಾತ್ರ ಯಾವಾಗ್ಲೂ ಸಡಿಲ. ಎರಡು ವರ್ಷದಿಂದ ನಾವು ಅದರ ಮುಖ ನೋಡಿಲ್ಲ. ಕಮಲಾಕ್ಷ ಅವರಿಗೆ ಅದರ ಮೇಲೇನು ಅಷ್ಟು ಅಕ್ಕರೆಯೋ!”

ಸುಬ್ರಾಯನ ತಲೆಯೊಳಗೆ ಆ ಬೆಳಗಿನ ಒಂದೊಂದು ಸಂಗತಿಯೂ ಎದ್ದು ನಿಂತಿತು. ಬೇಡ ಎನ್ನದ ಕಮಲಾಕ್ಷ. ಕೈ ಹಿಡಿದು ಕುಲುಕಿದ ಕಮಲಾಕ್ಷ. ಬಾಗಿಲು ಹಾಕಿಕೊಂಡ ಕಮಲಾಕ್ಷ. ಈಗ, ಈ ಗಳಿಗೆಯಲ್ಲಿ, ಈಸಿಚೇರಿನಲ್ಲಿ ಕಾಲು ಚಾಚಿ, ಇನ್ನೂರ ಎಪ್ಪತ್ತನೆಯ ಪುಟದಲ್ಲಿ ಸುಬ್ರಾಯ ಗುರುತಿಗೆಂದು ಇಟ್ಟಿದ್ದ ಬ್ಯಾಂಕಿನ ಚಲನ್ ತೆಗೆದೆಸೆದು ಓದುತ್ತಿರುವ ಕಮಲಾಕ್ಷ. ಎಷ್ಟನೆಯ ಸಲವೋ! ತಾನು ಅವನಿಗೆ ಭಾನುವಾರವನ್ನು ಹರಿವಾಣದಲ್ಲಿಟ್ಟು ಕೊಟ್ಟು ಬಂದಿದ್ದ.

“ಕಳ್ಳ!” ಎಂದು ಸುಬ್ರಾಯ ಪಟ್ಟಿಯನ್ನು ನೆಲಕ್ಕೆ ಬಡಿದ. “ದುರಸ್ತಿಯಂತೆ! ಆ ಪುಸ್ತಕಕ್ಕೆ ದುರಸ್ತಿ! ಅವನ ಕೈ ಮುರೀತೇನೆ ನಾನು!”

ಸಭೆ ಬೆರಗಾಯಿತು. ಆಮೇಲೆ ರಾಜಲಕ್ಷ್ಮಿ ಚಪ್ಪಾಳೆ ತಟ್ಟಿದಳು. “ನೋಡಿ, ನೋಡಿ! ಎರಡು ವರ್ಷ ಆದ್ರೂ ಆ ಸಿಟ್ಟು ಆರಿಲ್ಲ. ಇದಪ್ಪಾ ನಿಷ್ಠೆ ಅಂದ್ರೆ! ಅಂಥ ಪುಸ್ತಕಕ್ಕೆ ಯಾಕ್ರೀ ದುರಸ್ತಿ, ಒಲೆಗೆ ಹಾಕ್ಬೇಕು.”

“ಓದಿದ್ದೀರಾ ನೀವು ಅದನ್ನ?” ಎಂದು ಸುಬ್ರಾಯ ಗದರಿದ.

“ನಾನ್ಯಾಕೆ ಓದ್ಲಿ? ನಿಮ್ಮ ಅಭಿಪ್ರಾಯ ಓದಿದ್ಮೇಲೆ ಅದೇನು ಬೇಕಾಗಿದೆ?” ಎನ್ನುತ್ತ ಅವಳು ಅಭಿಪ್ರಾಯದ ಪುಸ್ತಕ ತೆರೆದು ತೋರಿಸಿದಳು. ಅವನ ಬರಹದ ಕೆಳಗೆ ಸಾಲಾಗಿ ಸಹಿಗಳು: ‘ಒಪ್ಪಿದೆ.’ ‘ನನಗೂ ಒಪ್ಪಿಗೆ.’ ‘ಓದಿಲ್ಲ, ಆದರೆ ಒಪ್ಪಿದೆ.’ ಎಲ್ಲಕ್ಕಿಂತ ಮೇಲೆ, ‘ಪೂರ್ಣ ಸಹಮತವಿದೆ, ಕಮಲಾಕ್ಷ.’

“ಹೇಳ್ತೀನಿ ಕೇಳಿ,” ಎಂದು ರಾಜಲಕ್ಷ್ಮಿ ಕಣ್ಣು ಮುಚ್ಚಿ ಶುರುಮಾಡಿದಳು. “ಮೂರು ಕತ್ತೆಗಳು, ಒಬ್ಬ ಉಪ್ಪಿನ ವ್ಯಾಪಾರಿ—”

“ಎರಡು,” ಎಂದ ಸುಬ್ರಾಯ.

“ಏನು?”

“ಎರಡು ಕತ್ತೆ. ಮೂರನೆಯದು ಹೇಸರಗತ್ತೆ. ಅದಕ್ಕೆ ಎಡಗಾಲು ಕುಂಟು. ಮಳೆ ಬಂದಾಗ ವ್ಯಾಪಾರಿ ತನ್ನ ಕಂಬಳಿ ಹೊದೆಸುವುದು ಅದಕ್ಕೇ.”

“ಇಲ್ಲಾರೀ, ಮೂರು ಅಂತ ನೀವೇ ಬರ್ದಿದೀರಿ. ಇಲ್ನೋಡಿ!”

“ಬರೆದವನಿಗೆ ಕಣ್ಣಿರಲಿಲ್ಲ!” ಎಂದು ಸುಬ್ರಾಯ ಕಿರುಚಿದ. ಕಿರುಚಿದ ಮೇಲೆ ನಾಲಗೆ ಕಚ್ಚಿಕೊಂಡ. ಎಲ್ಲರೂ ನಕ್ಕರು, ವಿಮರ್ಶಕರು ತಮಾಷೆ ಮಾಡುತ್ತಿದ್ದಾರೆಂದು ತಿಳಿದರು.

ನಗದವನು ಒಬ್ಬನೇ. ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ದಪ್ಪ ಮೀಸೆಯ ವೀರಭದ್ರ. ಧಾರವಾಡದವನು, ತುಂಬಾ ಎಂಬ ಊರಿನ ರಾಕೆಟ್ ಕೇಂದ್ರದಲ್ಲಿ ಎಂಜಿನಿಯರು. ಸುಬ್ರಾಯ ಬಂದಾಗಿನಿಂದ ಅವನು ಉಪ್ಪಿಟ್ಟು ಮುಟ್ಟದೆ ಇವನನ್ನೇ ದುರುಗುಟ್ಟಿ ನೋಡುತ್ತಿದ್ದ. ಈಗ ಎದ್ದು, ಚಾಪೆ ದಾಟಿ, ನೇರ ಎದುರಿಗೆ ಬಂದು ಕೂತ.

“ಹೇಸರಗತ್ತಿ ಕಾಲು ಕುಂಟು ಅನ್ನೂದು ಯಾವ ಪುಟದಾಗ ಬರ್ತದರೀ?”

“ನೂರ ಹದಿನಾಲ್ಕು,” ಎಂದು ಸುಬ್ರಾಯನ ಬಾಯಿ ತಾನಾಗಿ ಹೇಳಿತು.

“ಒಂದ ಸಾಲಿನ್ಯಾಗ ಬಂದು ಹೋಗ್ತದ. ಮೊದಲನೇ ಸಲ ಓದಿದಾಗ ಯಾರಿಗೂ ಕಾಣಂಗಿಲ್ಲ ಅದು. ನನಗೂ ಕಂಡಿದ್ದಿಲ್ಲ.” ವೀರಭದ್ರ ದನಿ ತಗ್ಗಿಸಿದ. “ನೀವು ಎರಡನೇ ಸಲ ಓದೀರಿ. ಹೌದಲ್ರೀ?”

ವೀರಭದ್ರ ತನ್ನ ಜೋಳಿಗೆಯೊಳಗೆ ಕೈಹಾಕಿ ಒಂದು ದಪ್ಪ ಪುಸ್ತಕ ತೆಗೆದು ನೆಲದ ಮೇಲಿಟ್ಟ. ಅದರ ಮೊದಲ ಹಾಳೆ ಹರಿದಿರಲಿಲ್ಲ. ಬೈಂಡು ಗಟ್ಟಿಯಾಗಿತ್ತು. ‘ಹೊಗೆನಾಡಿನ ಸುಂಕದವ.’

“ನನ್ನ ಸ್ವಂತದ್ದು. ಏಳು ಸಲ ಓದೀನಿ. ಎರಡು ವರ್ಷ ಆತು, ಪ್ರತಿ ಪೆಟ್ಟಿಗಿ ದಿನ ಚೀಲದಾಗ ಹಾಕ್ಕೊಂಡು ಬರ್ತೀನಿ, ಇದರ ಬಗ್ಗೆ ಮಾತಾಡೋ ಒಬ್ಬ ಮನಶ್ಯಾ ಸಿಗ್ತಾನೇನು ಅಂತ. ಒಬ್ಬಾವ ಸಿಗಲಿಲ್ಲ. ಎಲ್ಲಾರೂ ನೀವು ಬರದದ್ದು ಓದ್ಯಾರ. ಪುಸ್ತಕ ಯಾರೂ ಓದಿಲ್ಲ. ಓದ್ರಿ ಅಂತ ಕೊಟ್ರ, ‘ಚಿಕಿತ್ಸಾ ತಗೊಳ್ರಿ’ ಅಂತ ನಗ್ತಾರ. ನಿಮ್ಮ ಕೊಳ್ಳಪಟ್ಟಿ ಹಿಡಿಬೇಕು ಅಂತ ಕಾಯ್ಕೋತ ಕೂತಿದ್ದೆ ನಾನು.”

ಸುಬ್ರಾಯನ ಕೈ ತಡೆಯದೆ ಪುಸ್ತಕಕ್ಕೆ ಹೋಯಿತು. ಇನ್ನೂರ ಎಪ್ಪತ್ತೊಂದನೆಯ ಪುಟವನ್ನು ಬೆರಳೇ ಹುಡುಕಿತು. “ಏಳನೆಯ ದಿನ ಮಳೆ ನಿಂತಿತು. ಉಪ್ಪಿನ ವ್ಯಾಪಾರಿ ಎದ್ದು ನಿಂತು, ಸುಂಕದವನ ಮುಖವನ್ನು ನೋಡಿ...”

ವೀರಭದ್ರ ಅಂಗೈಯನ್ನು ಆ ಸಾಲಿನ ಮೇಲಿಟ್ಟು ಪುಸ್ತಕ ಮುಚ್ಚಿದ.

“ಒಯ್ರಿ ಇದನ್ನ. ನಿಮಗಽ ಕೊಟ್ಟೆ. ತಿರುಗಿ ಕೊಡೂದು ಬ್ಯಾಡ. ನಾ ಕೇಳೂದು ಒಂದಽ.” ಅವನು ಅಭಿಪ್ರಾಯದ ಪುಸ್ತಕವನ್ನು ಎಳೆದು ಸುಬ್ರಾಯನ ಮುಂದಿಟ್ಟ, ಜೇಬಿನಿಂದ ಪೆನ್ನು ತೆಗೆದು, ಅದರ ಟೋಪಿ ಬಿಚ್ಚಿ, ಕೈಗೆ ಕೊಟ್ಟ. “ನಿಮ್ಮ ಬರಹದ ಕೆಳಗ ಎರಡು ಸಾಲು ಬರೀರಿ. ‘ಎರಡನೆಯ ಸಲ ಓದಿದೆ. ಮೊದಲಿಗಿಂತ ಹೆಚ್ಚು ಇಷ್ಟವಾಯಿತು.’ ಸಹಿ ಹಾಕ್ರಿ. ಅಷ್ಟ.”

ಸುಬ್ರಾಯ ಪೆನ್ನಿನ ಮೊನೆಯನ್ನು ಕಾಗದದ ಹತ್ತಿರ ತಂದ. ಎರಡು ಸಾಲು. ಮನೆಗೆ ಮರಳುವ ರೈಲಿನಲ್ಲಿ ಮೂವತ್ತೆಂಟು ಪುಟ. ಆಮೇಲೆ ಮೂರನೆಯ ಸಲ, ನಾಲ್ಕನೆಯ ಸಲ, ಬೋಟು ಹತ್ತದೆ, ಖಾಕಿ ಕಾಗದ ಸುತ್ತದೆ, ಸ್ವಂತ ಕುರ್ಚಿಯಲ್ಲಿ ಕೂತು. ಪೆನ್ನು ಇಳಿಯಿತು. ಕಾಗದದ ಮೇಲೆ ಒಂದು ಸಣ್ಣ ಮಸಿಯ ಚುಕ್ಕೆ ಮೂಡಿತು.

“ಏನಂತೆ? ಎರಡನೇ ಸಲ ಓದಿದಾರಂತಾ?” ಎಂದು ರಾಜಲಕ್ಷ್ಮಿ ಇಣುಕಿದಳು. “ಅಯ್ಯೋ, ಹಾಗಾದ್ರೆ ಕಷ್ಟ ಏನಿಲ್ಲ ಬಿಡಿ, ಮೆಡಿಕಲ್ ಕಾಲೇಜು ಇಲ್ಲೇ ಇದೆ!”

ಇಪ್ಪತ್ತು ಮಂದಿ ಒಟ್ಟಿಗೆ ನಕ್ಕರು. ರಾಧಾಕೃಷ್ಣನಿಗೆ ಕಾಫಿ ನೆತ್ತಿಗೇರಿತು. ಬಾಗಿಲಲ್ಲಿ ನಿಂತಿದ್ದ ಪ್ರೇಮ, ಏನೆಂದು ತಿಳಿಯದಿದ್ದರೂ, ಹೊಟ್ಟೆ ಹಿಡಿದುಕೊಂಡು ನಕ್ಕಳು. ವೀರಭದ್ರ ನಗಲಿಲ್ಲ. ಅವನು ತನ್ನ ‘ಹೊಗೆನಾಡಿನ ಸುಂಕದವ’ನನ್ನು ಇನ್ನೊಂದು ಅಂಗುಲ ಮುಂದಕ್ಕೆ ದೂಡಿದ.

“ಬರೀರಿ,” ಎಂದ, ಬಹಳ ಮೆತ್ತಗೆ.

ಸುಬ್ರಾಯನಿಗೆ ವೇದಿಕೆಯ ಮೇಲಿನ ತನ್ನ ಕುರ್ಚಿ ನೆನಪಾಯಿತು. ಅವನು ಪೆನ್ನಿಗೆ ಟೋಪಿ ಹಾಕಿದ. ಅದನ್ನು ‘ಹೊಗೆನಾಡಿನ ಸುಂಕದವ’ನ ಮೇಲಿಟ್ಟು, ಎರಡನ್ನೂ ವೀರಭದ್ರನ ಕಡೆಗೆ ತಳ್ಳಿದ.

“ಬರೆಯುದಿಲ್ಲ,” ಎಂದ.